ಮಗುವನ್ನು ಮನೆಯಲ್ಲೇ ಓದಿಸಲು ಕಾನೂನಿನ ಅಡ್ಡಿ ಇದೆಯೇ? ಟಿಸಿ, ಮುಕ್ತ ಶಾಲೆ, ಸಿಇಟಿ ಪ್ರಶ್ನೆಗಳೆಲ್ಲ ಇಲ್ಲೇ ಇರಲಿ

ಮೈಸೂರು_ಓದುಗಿ
ಮಗಳಿಗೆ 7 ವರ್ಷ, 2ನೇ ತರಗತಿ. ಬರುವ ಜೂನ್‌ನಿಂದ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವುದೆಂದು ತೀರ್ಮಾನವಾಗಿದೆ. ಸರಿಯೋ ತಪ್ಪೋ ಎಂಬ ಚರ್ಚೆ ಬೇಡ, ಕಾನೂನಿನ ವಿಷಯ ಮಾತ್ರ ತಿಳಿಯಬೇಕು. ಯಾರ ಅನುಮತಿ ಪಡೆಯಬೇಕು? ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಅರ್ಜಿ ನಮೂನೆ ಇದೆಯೇ? ಪೊಲೀಸರೋ ಇಲಾಖೆಯವರೋ ಮನೆಗೆ ಬಂದರೆ ಏನು ತೋರಿಸಬೇಕು? ಹತ್ತನೇ ತರಗತಿ ಪರೀಕ್ಷೆ ಹೇಗೆ? ಮನೆಯಲ್ಲಿ ಹಿರಿಯರು ‘ಜೈಲಿಗೆ ಹಾಕ್ತಾರೆ’ ಅಂತ ಹೆದರಿಸುತ್ತಿದ್ದಾರೆ.

ವಕೀಲ_ಧಾರವಾಡ
ಜೈಲಿನ ಮಾತು ಮೊದಲು ಬಿಡ್ರಿ ಅಕ್ಕಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯೊಳಗ ಮಗುವನ್ನು ಶಾಲೆಗೆ ಸೇರಿಸದ ತಂದೆ-ತಾಯಿಗೆ ಶಿಕ್ಷೆಯೂ ಇಲ್ಲ, ದಂಡವೂ ಇಲ್ಲ. ಹಾಗಂತ ‘ಕಾನೂನು ಒಪ್ಪಿದೆ’ ಅಂತ ಹೇಳಿದರೆ ಅದೂ ತಪ್ಪು. ಎರಡನ್ನೂ ಬಿಡಿಸಿ ಬರೀತೀನಿ.

ಸಂವಿಧಾನದ 21ಎ ವಿಧಿಯನ್ನು 2002ರ 86ನೇ ತಿದ್ದುಪಡಿಯಿಂದ ಸೇರಿಸಿದರು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುವ ಹೊಣೆ ಸರ್ಕಾರದ್ದು ಅನ್ನುತ್ತದೆ ಅದು. ಅದೇ ತಿದ್ದುಪಡಿ 51ಎ(ಕೆ) ಅನ್ನೂ ತಂದಿತು: ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ಪಾಲಕರ ಮೂಲಭೂತ ಕರ್ತವ್ಯ. ಇಲ್ಲಿ ‘ಶಾಲೆ’ ಎಂಬ ಮಾತೇ ಇಲ್ಲ. ಆದರೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಸ್ಪಷ್ಟ ಅದ: ಮಗುವನ್ನು ನೆರೆಹೊರೆಯ ಶಾಲೆಗೆ ದಾಖಲಿಸುವುದು ಪಾಲಕರ ಕರ್ತವ್ಯ. ಕರ್ತವ್ಯ ಹೇಳಿ, ತಪ್ಪಿದರೆ ಏನು ಅನ್ನೋದನ್ನ ಹೇಳಿಲ್ಲ. ಮನೆಯಲ್ಲಿ ಕಲಿಸುವವರಿಗೆ ವಿನಾಯಿತಿಯನ್ನೂ ಬರೆದಿಲ್ಲ. ಇಡೀ ಗೊಂದಲ ಇರೋದೇ ಇಲ್ಲಿ.

ನ್ಯಾಯಾಲಯದಲ್ಲಿ ಇದು ತೀರ್ಮಾನವಾಗಿದೆಯೇ ಅಂದರ, ಇಲ್ಲ. 2012ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಕೇಂದ್ರ ಸರ್ಕಾರ, ತಾವಾಗಿ ಮನೆಶಿಕ್ಷಣ ಆರಿಸಿಕೊಂಡವರು ಮುಂದುವರಿಸಬಹುದು, ಕಾಯ್ದೆ ಅಡ್ಡ ಬರೋದಿಲ್ಲ ಅಂತ ಪ್ರಮಾಣಪತ್ರ ಸಲ್ಲಿಸಿತ್ತು. ಕೆಲವೇ ತಿಂಗಳಲ್ಲಿ ಆ ನಿಲುವಿನಿಂದ ಹಿಂದೆ ಸರಿಯಿತು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮೊದಲನೇ ಪ್ರಮಾಣಪತ್ರ ಮಾತ್ರ ಇವತ್ತಿಗೂ ಓಡಾಡ್ತದ. ಅದನ್ನ ಮುದ್ರಿಸಿ ಅಧಿಕಾರಿಗಳ ಮುಂದೆ ಹಿಡೀಬ್ಯಾಡ್ರಿ, ಅದಕ್ಕ ಬಲ ಇಲ್ಲ.

ಅನುಮತಿ, ನೋಂದಣಿ, ಅರ್ಜಿ ನಮೂನೆ ಯಾವುದೂ ಕರ್ನಾಟಕದಲ್ಲಿಲ್ಲ. ‘ಹೋಮ್‌ಸ್ಕೂಲ್ ಲೈಸೆನ್ಸ್ ಮಾಡಿಸಿಕೊಡ್ತೀವಿ’ ಅಂತ ದುಡ್ಡು ಕೇಳುವವರು ಇದ್ದಾರ, ಅಂಥ ಕಾಗದವೇ ಇಲ್ಲ.

ನಿವೃತ್ತ_ಶಿಕ್ಷಣ_ಸಂಯೋಜಕ
ವಕೀಲರು ಹೇಳಿದ್ದು ಸರಿ. ಇಲಾಖೆಯೊಳಗೆ ಕಾಗದ ಹೇಗೆ ಓಡಾಡುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ. ತೊಂದರೆ ಹುಟ್ಟುವುದು ಕಾಯ್ದೆಯಿಂದಲ್ಲ, ಮಗುವಿನ ಹೆಸರು ಗಣಕದಲ್ಲಿ ಎಲ್ಲಿ ನಿಂತಿದೆ ಎಂಬುದರಿಂದ.

ಮಗಳ ಹೆಸರು ಈಗ ವಿದ್ಯಾರ್ಥಿಗಳ ಎರಡು ಗಣಕ ದಾಖಲೆಗಳಲ್ಲಿ ಇದೆ: ರಾಜ್ಯದ ಎಸ್‌ಎಟಿಎಸ್, ಕೇಂದ್ರದ ಯುಡೈಸ್ ಪ್ಲಸ್. ಜೂನ್‌ನಲ್ಲಿ ಸುಮ್ಮನೆ ಕಳಿಸದೆ ಇದ್ದುಬಿಟ್ಟರೆ ಹಾಜರಾತಿ ಪುಸ್ತಕದಲ್ಲಿ ದಿನಗಟ್ಟಲೆ ಗೈರು ಬೀಳುತ್ತದೆ. ಮುಖ್ಯ ಶಿಕ್ಷಕರು ವರದಿ ಮಾಡಲೇಬೇಕು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಮೇಲೆ ಈ ವರದಿಗಳನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಸಿಆರ್‌ಪಿ, ಅಂದರೆ ಹತ್ತಾರು ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಮನೆಗೆ ಬರುವುದು ಹೀಗೆಯೇ.

ಆದ್ದರಿಂದ ಶೈಕ್ಷಣಿಕ ವರ್ಷ ಮುಗಿಯಲಿ, ಫಲಿತಾಂಶ ಬರಲಿ. 2ನೇ ತರಗತಿಯ ಅಂಕಪಟ್ಟಿ ಅಥವಾ ಪ್ರಗತಿ ಪತ್ರ ಕೈಗೆ ಬಂದ ನಂತರ ಲಿಖಿತವಾಗಿ ಟಿಸಿ ಕೇಳಿ. ನಡುವೆ ಬಿಟ್ಟರೆ ಟಿಸಿಯಲ್ಲಿ ‘2ನೇ ತರಗತಿಯಲ್ಲಿ ಓದುತ್ತಿದ್ದು’ ಎಂದು ಬರುತ್ತದೆ, ಮರಳಿ ಶಾಲೆಗೆ ಸೇರಿಸುವ ದಿನ ಅದು ವಾದಕ್ಕೆ ಕಾರಣ. ಅರ್ಜಿಯ ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಟಿಸಿ ಎಸ್‌ಎಟಿಎಸ್‌ನಿಂದಲೇ ಮುದ್ರಿತವಾದದ್ದಾಗಿರಲಿ, ಕೈಬರಹದ ಚೀಟಿ ಬೇಡ. ಅದರಲ್ಲಿರುವ ವಿದ್ಯಾರ್ಥಿ ಸಂಖ್ಯೆ, ಯುಡೈಸ್‌ನ ಪೆನ್ ಸಂಖ್ಯೆ (ಮಗುವಿನ ಶಾಶ್ವತ ಶಿಕ್ಷಣ ಸಂಖ್ಯೆ) ಎರಡನ್ನೂ ಬೇರೆ ಕಡೆ ಬರೆದಿಡಿ. ಟಿಸಿ ಕೊಟ್ಟ ಮೇಲೆ ಯುಡೈಸ್‌ನಲ್ಲಿ ಹೆಸರು ‘ಡ್ರಾಪ್ ಬಾಕ್ಸ್’ಗೆ, ಅಂದರೆ ಶಾಲೆ ಬಿಟ್ಟವರ ಪಟ್ಟಿಗೆ, ಹೋಗುತ್ತದೆ. ಬೇರೆ ಶಾಲೆ ಎತ್ತಿಕೊಳ್ಳುವವರೆಗೂ ಅಲ್ಲೇ ಇರುತ್ತದೆ. ಅದರಿಂದ ಹೆದರಬೇಕಿಲ್ಲ, ಆದರೆ ಮಗು ಎಲ್ಲಿ ಎಂದು ವಿಚಾರಿಸುವ ಫೋನ್ ಬಂದೇ ಬರುತ್ತದೆ ಎಂದುಕೊಂಡಿರಿ.

ಕರಾವಳಿ_ಓದು
ಟಿಸಿ ಅರ್ಜಿಯಲ್ಲಿ ಕಾರಣ ಏನೆಂದು ಬರೆಯುವುದು? ಹೆಚ್ಚಿನವರು ‘ಊರು ಬದಲಾವಣೆ’ ಎಂದು ಬರೆಯುತ್ತಾರಲ್ಲ.

ನಿವೃತ್ತ_ಶಿಕ್ಷಣ_ಸಂಯೋಜಕ
‘ಪಾಲಕರ ಕೋರಿಕೆಯ ಮೇರೆಗೆ’ ಎಂದರೆ ಸಾಕು. ಅದು ಸುಳ್ಳಲ್ಲ.

ವಕೀಲ_ಧಾರವಾಡ
ಇಲ್ಲಿ ನನ್ನ ಅಭಿಪ್ರಾಯ ಬೇರೆ ಅದ ಸರ್. ಟಿಸಿ ಅರ್ಜಿಯಲ್ಲಿ ಅಷ್ಟೇ ಇರಲಿ, ಒಪ್ಪತೀನಿ. ಆದರೆ ಟಿಸಿ ಬಂದ ವಾರದೊಳಗ ಬಿಇಒ ಅವರಿಗೆ ಒಂದು ಪುಟದ ತಿಳಿವಳಿಕೆ ಪತ್ರ ಹೋಗಬೇಕು. ಅನುಮತಿ ಕೋರಿ ಅಲ್ಲ, ಮಾಹಿತಿಗಾಗಿ. ಮಗುವಿನ ಹೆಸರು, ಜನ್ಮದಿನಾಂಕ, ಬಿಟ್ಟ ಶಾಲೆ, ಟಿಸಿ ಸಂಖ್ಯೆ, ಮನೆಯಲ್ಲಿ ಶಿಕ್ಷಣ ಮುಂದುವರಿದಿದೆ, ಯಾವ ಪಠ್ಯಕ್ರಮ, ಯಾವ ಮುಕ್ತ ಶಾಲೆಯ ಪರೀಕ್ಷೆಗೆ ಸಿದ್ಧತೆ, ಇಷ್ಟೇ. ‘ಅನುಮತಿ ನೀಡಬೇಕಾಗಿ ವಿನಂತಿ’ ಎಂಬ ಸಾಲು ಬರೆದಿರೋ ಕೆಲಸ ಕೆಟ್ಟಿತು: ಅನುಮತಿ ಕೊಡುವ ಅಧಿಕಾರ ಬಿಇಒಗೆ ಇಲ್ಲ, ಆದ್ದರಿಂದ ನಿರಾಕರಿಸಿ ಹಿಂಬರಹ ಕೊಡ್ತಾರ. ಆಮೇಲೆ ಆ ನಿರಾಕರಣೆಯೇ ನಿಮ್ಮ ಕಡತದೊಳಗ ಕೂಡ್ತದ. ಊರು ಬದಲಾವಣೆ ಅಂತ ಸುಳ್ಳು ಮಾತ್ರ ಬರೀಬ್ಯಾಡ್ರಿ, ಮಗು ಅದೇ ಓಣಿಯಲ್ಲಿ ಸೈಕಲ್ ಹೊಡೀತಿರ್ತದ.

ನಿವೃತ್ತ_ಶಿಕ್ಷಣ_ಸಂಯೋಜಕ
ಪತ್ರ ಬರೆಯುವುದಾದರೆ ಅನುಮತಿಯ ಮಾತು ಬೇಡವೆಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮನೆಗೆ ಬರುವವರು ಸಾಮಾನ್ಯವಾಗಿ ಹತ್ತಿರದ ಸರ್ಕಾರಿ ಶಾಲೆಯ ಶಿಕ್ಷಕರು ಅಥವಾ ಸಿಆರ್‌ಪಿ. ಪೊಲೀಸರಲ್ಲ. ಅವರ ಕೈಯಲ್ಲಿ ‘ಶಾಲೆಯಿಂದ ಹೊರಗುಳಿದ ಮಕ್ಕಳ’ ಸಮೀಕ್ಷೆಯ ನಮೂನೆ ಇರುತ್ತದೆ. ಮಗು ದುಡಿಯುತ್ತಿದೆಯೇ, ಓದುಬರಹ ಬರುತ್ತದೆಯೇ ಎಂಬುದು ಅವರ ಮುಖ್ಯ ಚಿಂತೆ, ಅದು ನ್ಯಾಯವಾದ ಚಿಂತೆ. ಬಾಗಿಲಲ್ಲಿ ನಿಲ್ಲಿಸಿ ಕಾಯ್ದೆ ಓದಿ ಹೇಳಬೇಡಿ. ಕೂರಿಸಿ, ಕಡತ ತೋರಿಸಿ, ಮಗುವಿನೊಂದಿಗೆ ಮಾತಾಡಲು ಬಿಡಿ.

ಕಡತ ಎಂದರೆ ಹೀಗಿರಲಿ. ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡ್, ಟಿಸಿ, ಕೊನೆಯ ಪ್ರಗತಿ ಪತ್ರ ಮುಂದುಗಡೆ. ಹಿಂದೆ ದಿನಚರಿ ಪುಸ್ತಕ: ದಿನಾಂಕ ಹಾಕಿ ಎರಡು ಮೂರು ಸಾಲು, ಏನು ಓದಿತು, ಏನು ಮಾಡಿತು. ತಿಂಗಳಿಗೆ ಪ್ರತಿ ವಿಷಯದಲ್ಲಿ ಮೂರ್ನಾಲ್ಕು ಹಾಳೆ ಮಗುವಿನದೇ ಬರಹ, ತಿದ್ದುಪಡಿ ಸಹಿತ. ಅಚ್ಚುಕಟ್ಟಾದ ಹಾಳೆಗಳನ್ನಷ್ಟೇ ಆರಿಸಿಡುವವರಿದ್ದಾರೆ, ಅದು ನಂಬಿಕೆ ಹುಟ್ಟಿಸುವುದಿಲ್ಲ. ಜೂನ್‌ನ ತಪ್ಪು ನವೆಂಬರ್‌ನಲ್ಲಿ ಸರಿಯಾದದ್ದು ಕಂಡರೆ ಯಾವ ಶಿಕ್ಷಕರಿಗೂ ಸಮಾಧಾನ. ಮನೆಯಲ್ಲಿ ಎಷ್ಟು ಗಂಟೆ ಕಲಿಸಬೇಕು ಎಂಬ ನಿಯಮವಿಲ್ಲ, ಆದರೆ ಕಾಯ್ದೆಯ ಅನುಸೂಚಿ ಶಾಲೆಗಳಿಗೆ ಹಾಕಿರುವ ಅಳತೆ ಇದೆ: 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ; 6ರಿಂದ 8ಕ್ಕೆ 220 ದಿನ, 1000 ಗಂಟೆ. ದಿನಚರಿ ಇದರ ಆಸುಪಾಸಿನಲ್ಲಿದ್ದರೆ ಪ್ರಶ್ನೆಗೆ ಉತ್ತರವಿರುತ್ತದೆ.

ಬೆಂಗಳೂರು_ಅಪ್ಪ
ನಮ್ಮ ಬಡಾವಣೆಯಲ್ಲಿ ಇಂಥ ಎಂಟು ಮನೆಗಳಿವೆ. ಒಂದು ಮನೆ ಬಾಡಿಗೆಗೆ ಹಿಡಿದು, ಇಬ್ಬರು ಶಿಕ್ಷಕರನ್ನು ಇಟ್ಟು, ಮಕ್ಕಳನ್ನೆಲ್ಲ ಅಲ್ಲಿ ಸೇರಿಸಿದರೆ?

ವಕೀಲ_ಧಾರವಾಡ
ಅಲ್ಲಿ ದಂಡ ಅದ, ಮತ್ತು ದೊಡ್ಡದೇ ಅದ. 18ನೇ ಸೆಕ್ಷನ್: ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ, ಆಮೇಲೂ ನಡೆಸಿದರೆ ದಿನಕ್ಕೆ 10,000 ರೂಪಾಯಿ. ಪಾಲಕರನ್ನ ಬಿಟ್ಟ ಕಾಯ್ದೆ ಶಾಲೆ ನಡೆಸುವವರನ್ನ ಬಿಡೋದಿಲ್ಲ. ಬಾಡಿಗೆ ಜಾಗ, ಸಂಬಳದ ಶಿಕ್ಷಕರು, ದಿನಾ ನಿಗದಿತ ವೇಳೆ, ಶುಲ್ಕ, ಬಾಗಿಲ ಮೇಲೊಂದು ಹೆಸರು, ಇಷ್ಟು ಕೂಡಿದರೆ ಅದು ಶಾಲೆ ಅಲ್ಲ ಅಂತ ವಾದಿಸೋದು ಕಷ್ಟ. ವಾರಕ್ಕ ಎರಡು ಸಲ ಒಬ್ಬರ ಮನೆಯಲ್ಲಿ ಸೇರಿ ಪ್ರಯೋಗ, ಸಂಗೀತ, ಆಟ ಅಂದರ ಬೇರೆ ಮಾತು. ಪಾಠ ಹೇಳೋ ಹೊಣೆ ಪಾಲಕರ ಕೈಯಲ್ಲೇ ಇರಲಿ, ಶುಲ್ಕದ ರಸೀದಿ ಪುಸ್ತಕ ಹುಟ್ಟದಿರಲಿ. ‘ಟ್ಯುಟೋರಿಯಲ್ ಅಂತ ನೋಂದಾಯಿಸ್ತೀವಿ’ ಅನ್ನುವವರಿಗೆ: ಆ ನೋಂದಣಿ ಶಾಲೆಯ ಹೊರಗಿನ ಪಾಠಕ್ಕ, ಶಾಲೆಗೆ ಬದಲಿ ಅಲ್ಲ.

ಮುಕ್ತಶಾಲೆ_ಮಾರ್ಗ
ಇನ್ನು ಪರೀಕ್ಷೆಯ ವಿಷಯಕ್ಕೆ ಬರೋಣ. ಹೆಚ್ಚಿನವರು ಇದನ್ನು 13ನೇ ವಯಸ್ಸಿಗೆ ಯೋಚಿಸುತ್ತಾರೆ, ಶಾಲೆ ಬಿಡಿಸುವ ದಿನವೇ ಯೋಚಿಸಬೇಕು.

ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಕೇಂದ್ರ ಸರ್ಕಾರದ ಮಂಡಳಿ. ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಕೆಳ ಹಂತದಲ್ಲಿ ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5, 8ನೇ ತರಗತಿಗೆ ಸಮ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನು ಹೆಸರಿಸಿ ಹೇಳುತ್ತದೆ. ಇವು ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕ ನಡೆಯುತ್ತವೆ, ಸೇರುವ ಮುನ್ನ ಆ ಸಂಸ್ಥೆಯ ಮಾನ್ಯತೆ ಚಾಲ್ತಿಯಲ್ಲಿದೆಯೇ ಎಂದು ಪ್ರಾದೇಶಿಕ ಕೇಂದ್ರದಲ್ಲೇ ಕೇಳಿ. ಈ ಹಂತಗಳು ಕಡ್ಡಾಯವಲ್ಲ. ಹತ್ತನೇ ತರಗತಿಗೆ ನೇರವಾಗಿ ಸೇರುವಾಗ 8ನೇ ತರಗತಿಯ ಪ್ರಮಾಣಪತ್ರ ಇಲ್ಲದಿದ್ದರೆ, ಓದಲು ಬೇಕಾದಷ್ಟು ಕಲಿತಿದ್ದೇನೆ ಎಂಬ ಸ್ವಯಂ ದೃಢೀಕರಣ ನಡೆಯುತ್ತದೆ. ಆದರೂ ನಡುವೆ ಶಾಲೆಗೆ ಮರಳುವ ಯೋಚನೆ ಒಂದಿಷ್ಟಾದರೂ ಇದ್ದರೆ ಹಂತದ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಹತ್ತನೇ ತರಗತಿಗೆ ಕನಿಷ್ಠ 14 ವರ್ಷ ತುಂಬಿರಬೇಕು, ಹನ್ನೆರಡಕ್ಕೆ 15. ವರ್ಷಕ್ಕೆ ಎರಡು ಪರೀಕ್ಷೆ: ಏಪ್ರಿಲ್ ಮತ್ತು ಅಕ್ಟೋಬರ್. ಕನಿಷ್ಠ ಐದು ವಿಷಯ, ಅದರಲ್ಲೊಂದಾದರೂ ಭಾಷೆ. ಕನ್ನಡವನ್ನು ಭಾಷೆಯಾಗಿ ಆರಿಸಿಕೊಳ್ಳಬಹುದು, ಸಂಕೇತ 208. ಒಮ್ಮೆ ಸೇರಿದರೆ ಐದು ವರ್ಷ ಊರ್ಜಿತ, ಒಂಬತ್ತು ಅವಕಾಶ. ಎಲ್ಲ ವಿಷಯ ಒಟ್ಟಿಗೆ ಬರೆಯಬೇಕೆಂದಿಲ್ಲ, ಎರಡೆರಡಾಗಿ ಬರೆದು ಮುಗಿಸಬಹುದು. ಉತ್ತೀರ್ಣಕ್ಕೆ ಶೇ. 33, ಪ್ರಾಯೋಗಿಕ ಇರುವ ವಿಷಯದಲ್ಲಿ ಲಿಖಿತ, ಪ್ರಾಯೋಗಿಕ ಎರಡರಲ್ಲೂ ಬೇರೆ ಬೇರೆಯಾಗಿ ಬರಬೇಕು.

ಎಡವುವುದು ಎಲ್ಲಿ ಎಂದರೆ, ಪ್ರವೇಶ ಶುಲ್ಕ ಕಟ್ಟಿದರೆ ಪರೀಕ್ಷೆಗೂ ಕಟ್ಟಿದಂತೆ ಎಂದುಕೊಳ್ಳುವಲ್ಲಿ. ಪರೀಕ್ಷಾ ಶುಲ್ಕ ಬೇರೆ, ಅದರ ಕಿಟಕಿ ಬೇರೆ, ಪ್ರತಿ ವಿಷಯಕ್ಕೂ ಬೇರೆ. ಆ ಕೆಲವು ವಾರ ತಪ್ಪಿದರೆ ಆರು ತಿಂಗಳು ಹೋಯಿತು. ಎರಡನೆಯದು ಟಿಎಂಎ, ಅಂದರೆ ಮನೆಯಲ್ಲಿ ಬರೆದು ಒಪ್ಪಿಸುವ ನಿಯೋಜಿತ ಕೆಲಸ. ಅದಕ್ಕೆ ಶೇ. 20 ಅಂಕ. ನೆಟ್ಟಿನಿಂದ ಇಳಿಸಿಕೊಂಡ ಉತ್ತರವನ್ನು ಒಪ್ಪಿಸಬೇಡಿ, ಎಲ್ಲರೂ ಅದನ್ನೇ ಇಳಿಸಿಕೊಂಡಿರುತ್ತಾರೆ. ಮೂರನೆಯದು ಪ್ರಾಯೋಗಿಕ: ವಿಜ್ಞಾನ ತೆಗೆದುಕೊಂಡರೆ ಅಧ್ಯಯನ ಕೇಂದ್ರದ ಪ್ರಯೋಗಾಲಯ ಹೇಗಿದೆ ಎಂದು ಸೇರುವ ಮುನ್ನ ಕಣ್ಣಾರೆ ನೋಡಿ. ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಕೇಂದ್ರ ಆರಿಸಿದವರು ಇಲ್ಲಿ ಕಷ್ಟಪಡುತ್ತಾರೆ.

ಪಿಯುಸಿಗೆ ಹೋಗುವ ಆಸೆ ಇದ್ದರೆ ಹತ್ತನೆಯದನ್ನು ಅಕ್ಟೋಬರ್ ಪರೀಕ್ಷೆಯಲ್ಲೇ ಮುಗಿಸಿ. ಏಪ್ರಿಲ್ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳು ಒಳ್ಳೆಯ ಕಾಲೇಜುಗಳಲ್ಲಿ ಕೂತಾಗಿರುತ್ತದೆ. ಎನ್‌ಐಒಎಸ್ ಕೊಡುವ ವಲಸೆ ಮತ್ತು ವರ್ಗಾವಣೆ ಪ್ರಮಾಣಪತ್ರವನ್ನೇ ಕಾಲೇಜಿಗೆ ಟಿಸಿಯಾಗಿ ಕೊಡಬೇಕು, ಬೇರೆ ಮಂಡಳಿಯಿಂದ ಬಂದವರ ಅರ್ಹತಾ ಪತ್ರದ ಬಗ್ಗೆ ಕಾಲೇಜಿನ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಹನ್ನೆರಡನ್ನೂ ಎನ್‌ಐಒಎಸ್‌ನಲ್ಲೇ ಮಾಡುವುದಾದರೆ ಹತ್ತಕ್ಕೂ ಹನ್ನೆರಡಕ್ಕೂ ಎರಡು ವರ್ಷದ ಅಂತರ ಬೇಕು.

ಕರಾವಳಿ_ಓದು
ಎಸ್‌ಎಸ್‌ಎಲ್‌ಸಿಯನ್ನೇ ಖಾಸಗಿಯಾಗಿ ಬರೆಸಬಹುದಲ್ಲ? ಸಿಬಿಎಸ್‌ಇ?

ಮುಕ್ತಶಾಲೆ_ಮಾರ್ಗ
ಎಸ್‌ಎಸ್‌ಎಲ್‌ಸಿ ಆಗುತ್ತದೆ. 15 ವರ್ಷ ತುಂಬಿರಬೇಕು, ಮಂಡಳಿ ಗೊತ್ತುಮಾಡಿದ ನೋಡಲ್ ಪ್ರೌಢಶಾಲೆಯ ಮೂಲಕ ಅರ್ಜಿ. ಶಾಲಾ ಮಕ್ಕಳಿಗಿರುವ ಆಂತರಿಕ ಅಂಕದ ಆಸರೆ ಖಾಸಗಿ ಅಭ್ಯರ್ಥಿಗೆ ಇಲ್ಲ, ಎಲ್ಲವೂ ಲಿಖಿತ ಪರೀಕ್ಷೆಯ ಮೇಲೆ. ಅರ್ಜಿಯ ಅವಧಿ ಚಿಕ್ಕದು, ಮಳೆಗಾಲದಿಂದಲೇ ಮಂಡಳಿಯ ಸುತ್ತೋಲೆಗಳ ಮೇಲೆ ಕಣ್ಣಿಟ್ಟಿರಿ. ಕನ್ನಡ ಮಾಧ್ಯಮದಲ್ಲಿ ಕಲಿಸುತ್ತಿರುವವರಿಗೆ ನನ್ನ ಮೊದಲ ಸಲಹೆ ಇದೇ. ಪಠ್ಯಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಪಾಠ ಹೇಳುವವರು ಎಲ್ಲವೂ ಊರಲ್ಲೇ ಸಿಗುತ್ತದೆ.

ಸಿಬಿಎಸ್‌ಇ ಮನೆಯಲ್ಲಿ ಕಲಿತ ಮಗುವನ್ನು ಖಾಸಗಿಯಾಗಿ ಹತ್ತಕ್ಕೆ ಕೂರಿಸುವುದಿಲ್ಲ. ಇದಕ್ಕಾಗಿ ‘ಹೆಸರಿಗಷ್ಟೇ ದಾಖಲಾತಿ’ ಮಾಡಿಕೊಳ್ಳುವ ಶಾಲೆಗಳ ಮೊರೆ ಹೋಗಬೇಡಿ. ಅಲ್ಲಿ ಬಾರದ ಮಗುವಿಗೆ ಹಾಜರಿ ಹಾಕುತ್ತಾರೆ, ಶೇ. 75 ಹಾಜರಾತಿ ಬೇಕಲ್ಲ. ತಪಾಸಣೆಯಲ್ಲಿ ಶಾಲೆ ಸಿಕ್ಕಿಬಿದ್ದರೆ ನಷ್ಟ ಮಗುವಿಗೆ. ಬೇರೆ ಹೆಸರಿನ ‘ಮುಕ್ತ ಮಂಡಳಿ’ಗಳ ಜಾಹೀರಾತು ಕಂಡರೆ, ಶಾಲಾ ಮಂಡಳಿಗಳ ಒಕ್ಕೂಟವಾದ ಕಾಬ್ಸೆಯ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಆ ಅಂಕಪಟ್ಟಿಯಿಂದ ಪಿಯುಸಿಯೂ ಸಿಗದು.

ಸಿಇಟಿ_ಸಹಾಯ
ಯಾರೂ ಇನ್ನೂ ಎತ್ತದ ವಿಷಯ ಒಂದಿದೆ, ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ದುಬಾರಿ. ಕೆಸಿಇಟಿಯಲ್ಲಿ, ಅಂದರೆ ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳ ರಾಜ್ಯ ಪ್ರವೇಶ ಪರೀಕ್ಷೆಯಲ್ಲಿ, ಕರ್ನಾಟಕದ ಅಭ್ಯರ್ಥಿ ಎನಿಸಿಕೊಳ್ಳಲು ಹೆಚ್ಚಿನವರು ಬಳಸುವುದು ‘ಎ’ ಷರತ್ತು: 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿರಬೇಕು, ಜೊತೆಗೆ 10 ಅಥವಾ 12ನ್ನು ಇಲ್ಲಿಯೇ ಪಾಸಾಗಿರಬೇಕು. ಇದಕ್ಕೆ ಬಿಇಒ ಮೇಲುರುಜು ಇರುವ ವ್ಯಾಸಂಗ ಪ್ರಮಾಣಪತ್ರ ಕೊಡಬೇಕು. ಮನೆಯಲ್ಲಿ ಓದಿದ ವರ್ಷಗಳಿಗೆ ಅದನ್ನು ಕೊಡುವವರಿಲ್ಲ.

ಲೆಕ್ಕ ಹಾಕಿ. ಈ ಮಗು 1, 2 ಮುಗಿಸಿದೆ, ಎರಡು ವರ್ಷ ಆಯಿತು. 8ಕ್ಕೆ ಮರಳಿ ಸೇರಿದರೆ 8ರಿಂದ 12 ಐದು ವರ್ಷ, ಒಟ್ಟು ಏಳು. ಸರಿಯಾಗಿ ಕೂಡಿತು. 1ನೇ ತರಗತಿಗೂ ಹೋಗದ ಮಗುವಾದರೆ 6ಕ್ಕೆ ಸೇರಬೇಕು. 11, 12 ಮಾತ್ರ ಕಾಲೇಜಿನಲ್ಲಿ ಓದುವವರಿಗೆ ‘ಬಿ’ ಷರತ್ತು ದಾರಿ: ಎರಡೂ ವರ್ಷ ಕರ್ನಾಟಕದಲ್ಲೇ ಓದಿ ಪಾಸಾಗಿರಬೇಕು, ತಂದೆ ತಾಯಿಯಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಪಾಲಕರಾದ ನೀವು ಓದಿದ ಶಾಲೆಯ ದಾಖಲೆ ಎಲ್ಲಿದೆ, ಆ ಶಾಲೆ ಇನ್ನೂ ಇದೆಯೇ ಎಂದು ಇವತ್ತೇ ಹುಡುಕಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ರವರೆಗಿನ ಶಾಲಾ ಓದು ಬೇಕು, ಅದು ಮನೆಶಿಕ್ಷಣದವರ ಕೈತಪ್ಪುತ್ತದೆ, ಪರಿಹಾರವಿಲ್ಲ.

ಜೆಇಇ ಮೇನ್‌ಗೆ ಎನ್‌ಐಒಎಸ್‌ನ ಹನ್ನೆರಡು ಐದು ವಿಷಯಗಳೊಂದಿಗೆ ನಡೆಯುತ್ತದೆ. ನೀಟ್‌ನಿಂದ ಮುಕ್ತ ಶಾಲೆಯವರನ್ನು ಹೊರಗಿಟ್ಟ ನಿಯಮವನ್ನು 2018ರಲ್ಲಿ ದೆಹಲಿ ಹೈಕೋರ್ಟ್ ರದ್ದುಮಾಡಿತು, 2024ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅವರ ಅರ್ಹತೆ ಗಟ್ಟಿಯಾಯಿತು. ರಾಜ್ಯದ ಖಾಸಗಿ ಕಾಲೇಜುಗಳ ಕಾಮೆಡ್‌ಕೆ ಪ್ರವೇಶ ಪರೀಕ್ಷೆ ಹೊರರಾಜ್ಯದವರಿಗೂ ತೆರೆದಿದೆ.

ಮೈಸೂರು_ಓದುಗಿ
ಏಳು ವರ್ಷದ ಲೆಕ್ಕ ಗೊತ್ತೇ ಇರಲಿಲ್ಲ. ಹಾಗಾದರೆ 8ನೇ ತರಗತಿಗೆ ಮರಳಿ ಸೇರಿಸುವುದು ಸುಲಭವೇ? ಐದು ವರ್ಷ ಖಾಲಿ ಎಂದು ಬೇಡ ಎನ್ನಬಹುದಲ್ಲ.

ನಿವೃತ್ತ_ಶಿಕ್ಷಣ_ಸಂಯೋಜಕ
ಸರ್ಕಾರಿ ಶಾಲೆ ಬೇಡ ಎನ್ನುವಂತಿಲ್ಲಮ್ಮ. 4ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲ ಎಂದೂ (14ನೇ ಸೆಕ್ಷನ್), ತಡವಾಗಿ ಬಂದಿರಿ ಎಂದೂ (15ನೇ ಸೆಕ್ಷನ್) ನಿರಾಕರಿಸುವಂತಿಲ್ಲ. ಒಂದು ಎಚ್ಚರ: ಈ ರಕ್ಷಣೆ 6ರಿಂದ 14ಕ್ಕೆ, 8ನೇ ತರಗತಿವರೆಗೆ. 9ಕ್ಕೆ ಸೇರಿಸುತ್ತೇವೆಂದು ಕಾದರೆ ಹಕ್ಕು ಹೋಗಿ ಮುಖ್ಯ ಶಿಕ್ಷಕರ ಮರ್ಜಿ ಉಳಿಯುತ್ತದೆ. ಆದ್ದರಿಂದ 8 ನಿಮ್ಮ ಕೊನೆಯ ಬಾಗಿಲು, ಅದೂ 14 ತುಂಬುವ ಮೊದಲು. ಖಾಸಗಿ ಶಾಲೆಯಲ್ಲಿ ಸೀಟು ಇಲ್ಲ ಎಂದರೆ ನೀವು ಹೆಚ್ಚೇನೂ ಮಾಡಲಾಗದು. ಪ್ರವೇಶಕ್ಕೆ ಮಗುವನ್ನು ಪರೀಕ್ಷಿಸಿ ಆರಿಸುವುದನ್ನು ಮಾತ್ರ 13ನೇ ಸೆಕ್ಷನ್ ನಿಷೇಧಿಸುತ್ತದೆ, ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ.

ಹಳೆ ಟಿಸಿಯಲ್ಲಿನ ಪೆನ್ ಸಂಖ್ಯೆ ಬರೆದಿಡಿ ಎಂದದ್ದು ಇದಕ್ಕೇ. ಅದಿದ್ದರೆ ಡ್ರಾಪ್ ಬಾಕ್ಸ್‌ನಿಂದ ಹೆಸರು ಎತ್ತಿಕೊಳ್ಳುತ್ತಾರೆ. ಇಲ್ಲದಿದ್ದರೆ ಹೊಸ ಸಂಖ್ಯೆ ಹುಟ್ಟಿ, ಒಂದೇ ಮಗುವಿಗೆ ಎರಡು ದಾಖಲೆಯಾಗಿ, ಆಧಾರ್ ಜೋಡಣೆಯಲ್ಲಿ ತಕರಾರು.

ಹುಬ್ಬಳ್ಳಿ_ತಾಯಿ
ನಮ್ಮ ಪ್ರಶ್ನೆ ಬ್ಯಾರೆ ಐತ್ರಿ. ಮಗನಿಗೆ ತೀವ್ರ ಸೆರೆಬ್ರಲ್ ಪಾಲ್ಸಿ, ಶಾಲೆಗೆ ಒಯ್ಯೂದು ಆಗೂದಿಲ್ಲ. ನಮಗೂ ಇದೇ ಗೊಂದಲ ಏನ್ರಿ?

ವಕೀಲ_ಧಾರವಾಡ
ಇಲ್ಲ ತಾಯಿ, ನಿಮಗ ಕಾನೂನು ನೇರವಾಗಿ ಬೆನ್ನಿಗದ. 2012ರ ತಿದ್ದುಪಡಿ 3ನೇ ಸೆಕ್ಷನ್ನಿಗೆ ಸೇರಿಸಿದ ಮಾತು: ಬಹುವಿಧ ಅಥವಾ ತೀವ್ರ ಅಂಗವೈಕಲ್ಯದ ಮಗು ಮನೆಯಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕು ಹೊಂದಿದೆ. ಮಗನ ಹೆಸರು ಹತ್ತಿರದ ಸರ್ಕಾರಿ ಶಾಲೆಯಲ್ಲಿ ದಾಖಲಾಗಿಯೇ ಇರಲಿ, ಟಿಸಿ ತಗೋಬ್ಯಾಡ್ರಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಗೆ ಹೋಗಿ ಬಿಐಇಆರ್‌ಟಿ, ಅಂದರ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕೇಳ್ರಿ. ಮನೆಗೆ ಬಂದು ಕಲಿಸೋದು ಅವರ ಕೆಲಸ. ಸವಲತ್ತೆಲ್ಲ ಶಾಲೆಯ ದಾಖಲಾತಿಗೇ ಅಂಟಿಕೊಂಡಿರ್ತಾವ, ಹೆಸರು ತೆಗೆಸಿದರೆ ಅವೂ ಹೋಗ್ತಾವ.

ಮ್ಯೂನಿಕ್_ಕನ್ನಡಿಗ
ಕೆಲಸಕ್ಕಾಗಿ ವಿದೇಶಕ್ಕೆ ಹೊರಡುವ ಮನೆಶಿಕ್ಷಣದ ಕುಟುಂಬಗಳಿಗೆ ಒಂದು ಮಾತು. ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ, ವಿದೇಶಿಯರ ಮಕ್ಕಳಿಗೂ ಅನ್ವಯ. ದಂಡ ಮಾತ್ರವಲ್ಲ, ಮಕ್ಕಳ ಪಾಲನೆಯ ಹಕ್ಕಿಗೇ ಕುತ್ತು ಬರಬಹುದು; ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2019ರಲ್ಲಿ ಅಂಥ ಒಂದು ಪ್ರಕರಣದಲ್ಲಿ ಸರ್ಕಾರದ ಪರವಾಗಿಯೇ ಹೇಳಿತು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ: ಟೆಕ್ಸಾಸ್‌ನಲ್ಲಿ ನೋಂದಣಿಯೇ ಬೇಡ, ನ್ಯೂಯಾರ್ಕ್‌ನಲ್ಲಿ ಜುಲೈ 1ರೊಳಗೆ ಸೂಚನಾ ಪತ್ರ, ಆಮೇಲೆ ಪಾಠಯೋಜನೆ, ಮೂರು ತಿಂಗಳಿಗೊಮ್ಮೆ ವರದಿ.

ಬೆಂಗಳೂರು_ಅಪ್ಪ
ಜನನ ಪ್ರಮಾಣಪತ್ರದಲ್ಲಿ ಹೆಸರೊಂದು, ಆಧಾರ್‌ನಲ್ಲಿ ಇನಿಷಿಯಲ್ ಸೇರಿ ಇನ್ನೊಂದು. ಈಗಲೇ ಸರಿಮಾಡಿಸಬೇಕೇ?

ಮುಕ್ತಶಾಲೆ_ಮಾರ್ಗ
ಹೌದು ಸರ್, ಎಲ್ಲಕ್ಕಿಂತ ಮೊದಲು. ಶಾಲೆಗೆ ಹೋಗುವ ಮಗುವಿಗೆ ಶಾಲಾ ದಾಖಲೆಯೇ ವಯಸ್ಸು, ಹೆಸರು ಎರಡಕ್ಕೂ ಆಧಾರ. ನಿಮ್ಮ ಮಗುವಿಗೆ ಜನನ ಪ್ರಮಾಣಪತ್ರ ಒಂದೇ. ಮೊದಲು ಅದರಲ್ಲಿ ಪೂರ್ತಿ ಹೆಸರು ಬರಲಿ, ಆಮೇಲೆ ಅದನ್ನು ತೋರಿಸಿ ಆಧಾರ್ ತಿದ್ದಿಸಿ, ತಿರುಗುಮುರುಗು ಮಾಡಬೇಡಿ. 5ನೇ ಮತ್ತು 15ನೇ ವಯಸ್ಸಿನ ಬೆರಳಚ್ಚು ನವೀಕರಣವನ್ನು ಶಾಲೆಯವರು ನೆನಪಿಸುವುದಿಲ್ಲವಾದ್ದರಿಂದ ನೀವೇ ಬರೆದಿಟ್ಟುಕೊಳ್ಳಿ. ಎನ್‌ಐಒಎಸ್ ಅರ್ಜಿಯಲ್ಲಿ ಬಿದ್ದ ಹೆಸರೇ ಅಂಕಪಟ್ಟಿಗೆ ಬರುತ್ತದೆ, ಅಲ್ಲಿಂದ ಪಾಸ್‌ಪೋರ್ಟಿಗೆ. ಪ್ರಮಾಣಪತ್ರ ಅಚ್ಚಾದ ಮೇಲೆ ಒಂದಕ್ಷರ ತಿದ್ದಿಸುವುದಕ್ಕೂ ಅರ್ಜಿ, ಶುಲ್ಕ, ತಿಂಗಳುಗಟ್ಟಲೆ ಕಾಯುವಿಕೆ.